ನಾಲ್ಕನೆಯ ಬಾರು

ಡಾಕ್ಟರು ನಮ್ಮ ಅಂಗಡಿಗೆ ಮೊದಲ ಸಲ ಬಂದದ್ದು ಮಳೆಗಾಲ ಮುಗಿಯುತ್ತ ಬಂದ ಒಂದು ಗುರುವಾರ ಬೆಳಿಗ್ಗೆ. ಅಂಗಡಿಯೆಂದರೆ ಬೇರೇನಲ್ಲ, ಜೆಪ್ಪುವಿನ ಇಳಿಜಾರಿನಲ್ಲಿದ್ದ ನಮ್ಮ ಮನೆಯ ಮುಂದಿನ ಕೋಣೆ. ಅಪ್ಪ ಅಲ್ಲಿ ಕುಳಿತು ಜಟಕಾ ಕುದುರೆಗಳಿಗೆ ಬೇಕಾದ ಹೊಟ್ಟೆಪಟ್ಟಿ, ಲಗಾಮು, ಕೊರಳಪಟ್ಟಿಗಳನ್ನು ಹೊಲಿಯುತ್ತಿದ್ದರು. ಪ್ರಾಯದಲ್ಲಿ ಮದರಾಸಿಗೆ ಹೋಗಿ, ಕುದುರೆಯ ಜೀನು ಮಾಡುವ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದು ಕಲಿತ ಕೆಲಸ ಅದು. ಗದ್ದೆ ಬೇಸಾಯದ ಮನೆಯವನು ಚರ್ಮ ಮುಟ್ಟುತ್ತಾನೆಂದು ನಮ್ಮ ನೆಂಟರಲ್ಲಿ ಹಲವರು ನಮ್ಮಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದರು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ಅಕ್ಕನನ್ನು ಉರ್ವಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು. ನನಗೆ ಆಗ ಇಪ್ಪತ್ತೊಂದು.

ಊರಿಗೆ ಬಸ್ಸುಗಳು ಬಂದ ಮೇಲೆ ಜಟಕಾಗಳು ಒಂದೊಂದಾಗಿ ಕಡಿಮೆಯಾಗತೊಡಗಿದ್ದವು. ಹೊಸ ಪಟ್ಟಿ ಹೊಲಿಸುವವರಿಲ್ಲ, ಹಳೆಯದಕ್ಕೆ ತೇಪೆ ಹಾಕಿಸಿಕೊಂಡು ಹೋಗುವವರೇ ಎಲ್ಲರೂ. ಇದರ ಜೊತೆಗೆ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಗಲಿನ ಬೆಳಕಿನಲ್ಲೂ ಎದುರಿಗಿರುವವರ ಮುಖ ಅವರಿಗೆ ಮಂಜಿನಲ್ಲಿದ್ದ ಹಾಗೆ ಕಾಣುತ್ತಿತ್ತು. ಆದ್ದರಿಂದ ಮೂರು ವರ್ಷದಿಂದ ಹೊಲಿಗೆಯೆಲ್ಲ ನನ್ನದೇ. ಒಳಗಿನ ಕೋಣೆಯಲ್ಲಿ ಕಿಟಕಿಯ ಬಳಿ ಕುಳಿತು ದಬ್ಬಳದಲ್ಲಿ ತೂತು ಹೊಡೆದು, ಮೇಣ ಸವರಿದ ನೂಲಿನಲ್ಲಿ ಎರಡೂ ಕಡೆಯಿಂದ ಹೊಲಿಯುತ್ತಿದ್ದೆ. ಅಪ್ಪ ಬೆರಳಿನಿಂದ ಮುಟ್ಟಿ ನೋಡಿ, ಸರಿ ಅಥವಾ ಬಿಚ್ಚು ಎನ್ನುತ್ತಿದ್ದರು. ಅವರ ಬಲಗೈಯ ತೋರುಬೆರಳಿಗೆ ತಪ್ಪು ಸಿಗದೆ ಹೋದದ್ದನ್ನು ನಾನು ಕಂಡಿರಲಿಲ್ಲ. ನಾನು ಹೊಲಿಯುವ ಸಂಗತಿ ಗಿರಾಕಿಗಳಿಗೆ ತಿಳಿದಿರಲಿಲ್ಲ. ಹುಡುಗಿ ಹೊಲಿದ ಲಗಾಮು ಎಂದರೆ ಯಾವ ಜಟಕಾದವನು ನಂಬಿ ಕುದುರೆ ಓಡಿಸುತ್ತಾನೆ?

ಡಾಕ್ಟರು ಅತ್ತಾವರದವರು, ಕೊಂಕಣಿ ಮಾತಾಡುವ ಕ್ರಿಸ್ತುವರು. ನಲವತ್ತರ ಹತ್ತಿರದ ವಯಸ್ಸು. ವಾರಕ್ಕೆ ಎರಡು ದಿನ ನೇತ್ರಾವತಿಯ ಆಚೆ ದಡದ ಒಂದು ಸಣ್ಣ ಔಷಧಾಲಯಕ್ಕೆ ಹೋಗುತ್ತಿದ್ದರು. ಅಲ್ಲಿಂದ ಮುಂದಕ್ಕೆ ಐದಾರು ಮೈಲಿನವರೆಗೆ ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಬೇಕಿತ್ತು. ಅದಕ್ಕಾಗಿ ಮೋಟಾರು ಸೈಕಲನ್ನೂ ದೋಣಿಯಲ್ಲಿ ಹಾಕಿಕೊಂಡು ದಾಟುತ್ತಿದ್ದರು. ಅವತ್ತು ಅದನ್ನು ನಮ್ಮ ಅಂಗಳಕ್ಕೇ ತಳ್ಳಿಕೊಂಡು ಬಂದು ನಿಲ್ಲಿಸಿದರು. ಮುಂದಿನ ದೀಪದ ಗಾಜು ಒಡೆದಿತ್ತು.

"ನೋಡಿ ಮೇಸ್ತ್ರಿ, ಇದು ಹೋದ ವಾರದ ಕಥೆ," ಎಂದರು. "ತೆಂಗಿನ ಹಗ್ಗದಲ್ಲಿ ಕಟ್ಟಿದ್ದು. ನೀರು ತಾಗಿ ಹಗ್ಗ ಸಡಿಲ ಆಯ್ತು. ನಡು ಹೊಳೆಯಲ್ಲಿ ದೋಣಿ ಒಮ್ಮೆ ಅಲುಗಿತು, ಇದು ದಢ್ ಅಂತ ಬಿತ್ತು. ದೋಣಿಯೊಳಗೇ ಬಿತ್ತು, ಪುಣ್ಯ. ಆಚೆ ಬಿದ್ದಿದ್ದರೆ ದೋಣಿಯೂ ಮಗುಚಿ ಹೋಗ್ತಿತ್ತು."

"ಎಂತ ಮಾಡ್ಬೇಕು ನಾನು?" ಎಂದು ಅಪ್ಪ ಕೇಳಿದರು.

"ಕುದುರೆಯ ಹೊಟ್ಟೆಪಟ್ಟಿ ಉಂಟಲ್ಲ, ಬಕ್ಕಲು ಹಾಕಿ ಬಿಗಿ ಮಾಡುವಂಥದ್ದು, ಹಾಗಿನ ನಾಲ್ಕು ಬಾರು ಬೇಕು. ಮುಂದೆ ಎರಡು, ಹಿಂದೆ ಎರಡು. ಒಂದು ತುದಿ ಸೈಕಲಿಗೆ, ಇನ್ನೊಂದು ತುದಿ ದೋಣಿಯ ಅಡ್ಡಮರಕ್ಕೆ. ಆಗ್ತದಾ?"

ಅಪ್ಪ ಎದ್ದು ಅಂಗಳಕ್ಕೆ ಹೋದರು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಹೊಸ ಕುದುರೆಯನ್ನು ಸವರುವಂತೆ ಅವರು ಆ ಗಾಡಿಯನ್ನು ಮುಂದಿನಿಂದ ಹಿಂದಿನವರೆಗೆ ಸವರಿದರು. ಹ್ಯಾಂಡಲಿನ ಕೆಳಗಿನ ದಪ್ಪ ಸ್ಪ್ರಿಂಗನ್ನು ಒತ್ತಿ ನೋಡಿದರು. ಹಿಂದಿನ ಚಕ್ರದ ಮೇಲಿದ್ದ ಕಬ್ಬಿಣದ ಕ್ಯಾರಿಯರನ್ನು ಹಿಡಿದು ಅಲುಗಿಸಿದರು. ಮೊಳ, ಗೇಣುಗಳಲ್ಲಿ ಅಳತೆ ತೆಗೆದುಕೊಂಡರು. ಕೊನೆಗೆ, "ಸೋಮವಾರ ಬೆಳಿಗ್ಗೆ ಕೊಡ್ತೇನೆ. ಮೊದಲ ಸಲ ನಾನೇ ಬಂದು ಕಟ್ಟಿ ತೋರಿಸ್ತೇನೆ, ಆಯ್ತಾ?" ಎಂದರು.

ಡಾಕ್ಟರು ಹೋದ ಮೇಲೆ ಅಪ್ಪನ ಮುಖದಲ್ಲಿ ಎಷ್ಟೋ ತಿಂಗಳಿನಿಂದ ಇಲ್ಲದ ಗೆಲುವು ಬಂತು. "ಮೋಟಾರಿನವರಿಗೂ ನಾವು ಬೇಕಾದೆವು ನೋಡು ಮಗಾ," ಎಂದರು. "ಮಳೆಗೆ ಮೊದಲು ಬಂದರಿನಿಂದ ತಂದ ಬೆನ್ನಿನ ಚರ್ಮ ಉಂಟಲ್ಲ, ಎರಡು ತುಂಡು? ಅದರಲ್ಲೇ ಆಗಲಿ. ಬೇರೆ ಯಾವುದೂ ಬೇಡ."

ಆ ಎರಡು ತುಂಡುಗಳಲ್ಲಿ ಒಂದನ್ನು ನಾನು ಆಷಾಢದಲ್ಲಿ ಅಟ್ಟದ ಮೂಲೆಯಲ್ಲಿಟ್ಟು ಮರೆತಿದ್ದೆ. ಅಲ್ಲಿ ಒಂದು ಹಂಚು ಒಡೆದು ನೀರು ಸೋರುತ್ತಿತ್ತು. ನೋಡುವಷ್ಟರಲ್ಲಿ ಚರ್ಮದ ಮೇಲೆ ಬಿಳಿ ಬೂಷ್ಟು ಹಿಡಿದು, ಕೆಳಗಿನ ಭಾಗ ಉಗುರಿನಲ್ಲಿ ಕೆರೆದರೆ ಪುಡಿಯಾಗುವಂತಾಗಿತ್ತು. ಅಪ್ಪನಿಗೆ ಹೇಳಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ತಿಂಗಳುಗಳೇ ಕಳೆದಿದ್ದವು. ಅವತ್ತಾದರೂ ಹೇಳಬಹುದಿತ್ತು. ಅವರ ಗೆಲುವಿನ ಮುಖ ನೋಡಿ ಬಾಯಿ ಬರಲಿಲ್ಲ.

ಚೆನ್ನಾಗಿದ್ದ ತುಂಡಿನಲ್ಲಿ ಮೂರು ಬಾರುಗಳು ಬಂದವು. ಎಷ್ಟು ತಿರುಗಿಸಿ ಮುರುಗಿಸಿ ಅಳೆದರೂ ನಾಲ್ಕನೆಯದು ಬರಲಿಲ್ಲ. ನಾನು ಶನಿವಾರ ಮಧ್ಯಾಹ್ನದವರೆಗೆ ಯೋಚಿಸಿದೆ. ಮನೆಯಲ್ಲಿ ಹೊಟ್ಟೆಯ ಭಾಗದ ಒಂದು ಚರ್ಮವಿತ್ತು. ಚೀಲಕ್ಕೋ ಚಪ್ಪಲಿಯ ಮೇಲುಪಟ್ಟಿಗೋ ಆಗುವಂಥದ್ದು. ಹೊಟ್ಟೆಯ ಚರ್ಮ ಮೆತ್ತಗೆ, ಎಳೆದರೆ ಬರುತ್ತದೆ, ಒಮ್ಮೆ ಎಳೆದದ್ದು ಹಿಂದಕ್ಕೆ ಹೋಗುವುದಿಲ್ಲ. ಭಾರ ಬೀಳುವ ಯಾವುದಕ್ಕೂ ಅದನ್ನು ಹಾಕಬಾರದೆಂಬುದು ಅಪ್ಪ ಕಲಿಸಿದ ಮೊದಲನೆಯ ಪಾಠ. ನಾನು ಅದನ್ನೇ ಕತ್ತರಿಸಿದೆ. ಎಣ್ಣೆ ತಿಕ್ಕಿ, ಅಂಚು ಉಜ್ಜಿ, ಉಳಿದ ಮೂರಕ್ಕಿಂತ ಹತ್ತಿರ ಹತ್ತಿರ ಹೊಲಿಗೆ ಹಾಕಿದೆ. ನೋಡಲು ನಾಲ್ಕೂ ಒಂದೇ ಹಾಗಿದ್ದವು.

ಭಾನುವಾರ ಸಂಜೆ ಅಪ್ಪ ಮುಂದಿನ ಕೋಣೆಯಲ್ಲಿ ಕುಳಿತು, "ಕೊಡು ನೋಡುವ," ಎಂದು ಕೈ ಚಾಚಿದರು.

ಮೊದಲನೆಯದನ್ನು ಕೊಟ್ಟೆ. ತುದಿಯಿಂದ ತುದಿಗೆ ತೋರುಬೆರಳು ಓಡಿಸಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿ, ಪಕ್ಕಕ್ಕಿಟ್ಟರು. ಎರಡನೆಯದನ್ನು ಕೊಟ್ಟೆ. ಮೂರನೆಯದನ್ನು ಕೊಟ್ಟೆ. ನಾಲ್ಕನೆಯದು ನನ್ನ ಮಡಿಲಲ್ಲಿತ್ತು. ಅದನ್ನು ಎತ್ತಲು ಕೈ ಏಳಲಿಲ್ಲ. ಅವರ ಪಕ್ಕದಲ್ಲಿದ್ದ ಎರಡನೆಯ ಬಾರನ್ನೇ ಸದ್ದಾಗದಂತೆ ತೆಗೆದು ಮತ್ತೆ ಅವರ ಕೈಗಿಟ್ಟೆ.

ಅಪ್ಪ ಸವರಿದರು, ಜಗ್ಗಿದರು, ತಲೆಯಾಡಿಸಿದರು.

"ಇದು ಎಲ್ಲಕ್ಕಿಂತ ಚಂದ ಆಗಿದೆ," ಎಂದರು. "ಕೈ ಕುದುರಿದೆ ನಿನಗೆ."

ನಾಲ್ಕೂ ಬಾರುಗಳನ್ನು ಒಟ್ಟಿಗೆ ಸುತ್ತಿ ಚೀಲಕ್ಕೆ ಹಾಕಿದೆ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನಾವು ಹೊಳೆಯ ದಡದಲ್ಲಿದ್ದೆವು. ತೂತು, ಬಕ್ಕಲುಗಳು ಅಪ್ಪನಿಗೆ ಕಾಣುವುದಿಲ್ಲವಾದ್ದರಿಂದ ನಾನೂ ಬೇಕಿತ್ತು. ಡಾಕ್ಟರ ಹತ್ತಿರ ಅಪ್ಪ, "ಮಗಳಿಗೆ ಆಚೆ ದಡದಲ್ಲಿ ನೆಂಟರ ಮನೆಗೆ ಹೋಗ್ಲಿಕ್ಕುಂಟು," ಎಂದು ಹೇಳಿದರು. ನಮಗೆ ಅಲ್ಲಿ ಯಾವ ನೆಂಟರೂ ಇರಲಿಲ್ಲ. ಅಪ್ಪ ಸುಳ್ಳು ಹೇಳುವವರಲ್ಲ. ನನ್ನ ಸಲುವಾಗಿ ಹೇಳಿದ ಆ ಸಣ್ಣ ಸುಳ್ಳೂ ನನ್ನನ್ನು ಚುಚ್ಚಿತು.

ದೋಣಿ ಹಂಚಿನ ಕಾರ್ಖಾನೆಗೆ ಆವೆಮಣ್ಣು ಸಾಗಿಸುವಂಥದ್ದು. ಅಗಲವಾದ ಹೊಟ್ಟೆ, ಒಳಗೆಲ್ಲ ಒಣಗಿದ ಕೆಂಪು ಮಣ್ಣು. ದೋಣಿಯವರು ವಯಸ್ಸಾದ ಬ್ಯಾರಿ ಮುಸಲ್ಮಾನರು, ದಡದಲ್ಲಿ ಎಲ್ಲರೂ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು. ಇನ್ನೊಂದು ತುದಿಯಲ್ಲಿ ಹುಟ್ಟು ಹಾಕಲು ಅವರ ತಮ್ಮನಿದ್ದ. ಎರಡು ಹಲಗೆ ಇಟ್ಟು ನಾಲ್ಕು ಜನ ಸೇರಿ ಮೋಟಾರು ಸೈಕಲನ್ನು ದೋಣಿಗೆ ಇಳಿಸಿದರು. ಡಾಕ್ಟರು ಪೆಟ್ರೋಲಿನ ತಿರುಪು ಮುಚ್ಚಿ, ಗೇರಿನಲ್ಲಿ ನಿಲ್ಲಿಸಿದರು. ಚಕ್ರಗಳಿಗೆ ಕಾಕ ಮರದ ತುಂಡು ಒತ್ತಿಟ್ಟರು.

"ಸ್ಟ್ಯಾಂಡ್ ಹಾಕ್ಬೇಡಿ ಡಾಕ್ಟ್ರೇ," ಎಂದರು ಅಪ್ಪ. "ಕುದುರೆ ತನ್ನ ಕಾಲಲ್ಲೇ ನಿಲ್ಬೇಕು. ನಾಲ್ಕು ಕಡೆಯಿಂದ ಒಂದೇ ಹಾಗೆ ಎಳೆದರೆ ಅದು ಎಲ್ಲಿಗೂ ಹೋಗುವುದಿಲ್ಲ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಆದರೆ ಬೀಳ್ತದೆ."

ಬಾರುಗಳು ನನ್ನ ಕೈಯಲ್ಲಿದ್ದವು. ಭಾರವೆಲ್ಲ ಮುಂದಿನ ಎರಡಕ್ಕೇ ಬೀಳುತ್ತದೆಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಹಾಗಾಗಿ ಒಳ್ಳೆಯ ಎರಡನ್ನು ಮುಂದಕ್ಕೆ ಕೊಟ್ಟೆ. ಮೂರನೆಯದು ಹಿಂದೆ ಬಲಕ್ಕೆ. ಆ ನಾಲ್ಕನೆಯ ಬಾರನ್ನು ಹಿಂದೆ ಎಡಕ್ಕೆ ನಾನೇ ಸಿಕ್ಕಿಸಿದೆ. ಅಪ್ಪ ಹ್ಯಾಂಡಲಿನ ಮೇಲೆ ಭಾರ ಹಾಕಿ ಸ್ಪ್ರಿಂಗು ಎರಡು ಬೆರಳಿನಷ್ಟು ಕುಗ್ಗುವವರೆಗೆ ಮುಂದಿನವನ್ನು ಎಳೆಸಿದರು. ಹಿಂದಿನ ಸರದಿ ಬಂತು.

"ಬಲಗಡೆ ಎಷ್ಟನೆಯ ತೂತು?"

"ಐದು."

"ಎಡಗಡೆ?"

ಎಡಗಡೆಯದು ಐದಕ್ಕೆ ನಿಲ್ಲಲಿಲ್ಲ. ಎಳೆದ ಹಾಗೆ ಬಂತು. ಆರು, ಏಳು. ಏಳರಲ್ಲಿ ಬಕ್ಕಲಿನ ಮುಳ್ಳು ಸಿಕ್ಕಿಸಿ, "ಐದು," ಎಂದೆ.

ಅಪ್ಪ ತೃಪ್ತಿಯಿಂದ ಎದ್ದು ನಿಂತರು. ಡಾಕ್ಟರು ಗಾಡಿಯನ್ನು ಒಮ್ಮೆ ನೂಕಿ ನೋಡಿದರು. ಅಲುಗಲಿಲ್ಲ. "ಭಾರೀ ಚಂದ, ಮೇಸ್ತ್ರಿ!" ಎಂದು ನಕ್ಕು, ತಮ್ಮ ಚೀಲ ಹಿಡಿದು ದೋಣಿಯ ಮುಂದಿನ ತುದಿಗೆ ಹೋಗಿ ಕುಳಿತರು. ಕಾಕ ಬಿದಿರಿನ ಗಳ ಊರಿ ದೋಣಿಯನ್ನು ನೂಕಿದರು.

ಆಗ ಹೊಳೆಗೆ ಇಳಿತದ ಹೊತ್ತು. ಮಳೆಯ ನೀರೂ ಪೂರ್ತಿ ಇಳಿದಿರಲಿಲ್ಲ, ಕೆಂಪಗೆ, ಹೊಳೆ ಕಡಲು ಸೇರುವ ಅಳಿವೆಯ ಕಡೆಗೆ ಸರಿಯುತ್ತಿತ್ತು. ದಡದ ಹತ್ತಿರ ಎಲ್ಲ ಶಾಂತವಾಗಿತ್ತು. ಅಪ್ಪ ಹ್ಯಾಂಡಲು ಹಿಡಿದು ನಿಂತಿದ್ದರು. ನಾನು ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕುಳಿತು ಒಂದೇ ಸಮನೆ ಎಡಗಡೆಯ ಬಕ್ಕಲನ್ನು ನೋಡುತ್ತಿದ್ದೆ. ಹೊಳೆ, ಆಕಾಶ, ತೆಂಗಿನ ಮರ ಯಾವುದೂ ನನಗೆ ನೆನಪಿಲ್ಲ. ನೆನಪಿರುವುದು ಆ ಒಂದು ತೂತು.

ದಡ ಬಿಟ್ಟಾಗ ಅದು ದುಂಡಗಿತ್ತು. ಹೊಳೆಯ ಮೂರನೆಯ ಒಂದು ಪಾಲು ದಾಟುವಾಗ ಅಕ್ಕಿಕಾಳಿನ ಹಾಗೆ ಉದ್ದವಾಗಿತ್ತು. ದೋಣಿ ಅತ್ತ ವಾಲಿದಾಗ ಉದ್ದವಾಗುತ್ತಿತ್ತು, ಇತ್ತ ವಾಲಿದಾಗ ಸ್ವಲ್ಪ ಕುಗ್ಗಿದ ಹಾಗೆ ಕಾಣುತ್ತಿತ್ತು. ಇಲ್ಲ, ನನ್ನ ಕಣ್ಣಿಗೆ ಹಾಗೆ ಕಾಣುತ್ತಿದೆ ಅಷ್ಟೆ, ಎಂದುಕೊಂಡೆ. ನೂರು ಎಣಿಸುವಷ್ಟರಲ್ಲಿ ಅರ್ಧ ದಾರಿ ಆಗುತ್ತದೆ ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ. ನಲವತ್ತಕ್ಕೋ ಐವತ್ತಕ್ಕೋ ಬಂದಾಗ ಅಳಿವೆಯ ಕಡೆಯಿಂದ ಉದ್ದನೆಯ ಅಲೆಯೊಂದು ಬಂದು ದೋಣಿಯ ಮಗ್ಗುಲಿಗೆ ಸೇರಿತು. ದೋಣಿ ನಿಧಾನಕ್ಕೆ ಎದ್ದು, ಬಲಕ್ಕೆ ವಾಲಿ, ಇಳಿಯಿತು. ಹಿಂದಿನ ಚಕ್ರ ಒಂದು ಅಂಗುಲ ಜಾರಿತು. ತೂತಿನ ತುದಿಯಲ್ಲಿ ಚರ್ಮ ಸೀಳಿ, ಒಳಗಿನ ಬಿಳಿ ನಾರು ಕಾಣಿಸಿತು.

"ಅಪ್ಪಾ," ಎಂದೆ. "ಈ ಬಾರು ನಿಲ್ಲುವುದಿಲ್ಲ."

"ಎಂತ?"

"ಹಿಂದೆ ಎಡಗಡೆಯದು. ಹರೀತಾ ಉಂಟು. ಅದು ಹೊಟ್ಟೆಯ ಚರ್ಮ ಅಪ್ಪಾ. ನಿನ್ನೆ ನಿಮಗೆ ನಾನು ಅದನ್ನು ಕೊಡ್ಲೇ ಇಲ್ಲ. ಎರಡನೆಯದನ್ನೇ ಇನ್ನೊಮ್ಮೆ ಕೊಟ್ಟೆ."

ನಮ್ಮ ಮಾತೆಲ್ಲ ತುಳುವಿನಲ್ಲಿ. ಆದರೆ ದೋಣಿಯಲ್ಲಿದ್ದ ಎಲ್ಲರಿಗೂ ತುಳು ಬರುತ್ತಿತ್ತು. ಡಾಕ್ಟರು ಥಟ್ಟನೆ ತಿರುಗಿದರು. ಕಾಕನ ಕೈಯ ಗಳ ನಿಂತಿತು.

ಅಪ್ಪ ನನ್ನತ್ತ ಮುಖ ತಿರುಗಿಸಿದರು. ಅವರಿಗೆ ನಾನು ಕಾಣುತ್ತಿರಲಿಲ್ಲ, ಆದರೂ ನಾನು ತಲೆ ತಗ್ಗಿಸಿದೆ. ಅವರು ಗಾಡಿಯನ್ನೇ ಹಿಡಿದುಕೊಂಡು ಹಿಂದಕ್ಕೆ ಬಂದರು. ಎಡಗಡೆಯ ಬಾರನ್ನು ಮುಟ್ಟಿದ ಕೂಡಲೇ ಅವರಿಗೆ ತಿಳಿಯಿತು.

"ಬಲಗಡೆ ಸಡಿಲ ಮಾಡ್ಬೇಕು," ಎಂದರು. "ಆ ಬದಿ ಎಳೆಯುವುದು ಕಡಿಮೆ ಆದರೆ ಇದು ಸ್ವಲ್ಪ ಹೊತ್ತು ತಡೆದೀತು. ಕಾಕಾ, ಹಗ್ಗ ಉಂಟಾ?"

"ಉಂಟುಂಟು!" ಕಾಕ ಕಾಲಿನಿಂದಲೇ ಒಂದು ಸುರುಳಿ ಹಗ್ಗವನ್ನು ನನ್ನ ಕಡೆಗೆ ತಳ್ಳಿದರು. ಡಾಕ್ಟರು ಏಳುತ್ತಿದ್ದುದನ್ನು ಕಂಡು ಕೂಗಿದರು: "ಡಾಕ್ಟ್ರೇ, ಏಳ್ಬೇಡಿ! ಎಲ್ಲ ಒಂದೇ ಬದಿಗೆ ಬಂದ್ರೆ ದೋಣಿ ಮಗುಚ್ತದೆ!"

ಅಪ್ಪ ಬಲಗಡೆಗೆ ಹೋಗಿ ಬಗ್ಗಿ, ಬೆರಳುಗಳಿಂದ ಬಕ್ಕಲು ಹುಡುಕಿದರು. ಅದೇ ಹೊತ್ತಿಗೆ ಇನ್ನೊಂದು ಅಲೆ ಬಂತು. ನನ್ನ ಕಣ್ಣೆದುರೇ ಎಡಗಡೆಯ ಬಾರು ಹರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಹಳೆಯ ಬಟ್ಟೆ ಹರಿದ ಹಾಗಾಯಿತು. ಗಾಡಿಯ ಹಿಂಭಾಗ ಬಲಕ್ಕೆ ಜಾರಿ, ಕ್ಯಾರಿಯರಿನ ಕಬ್ಬಿಣ ದೋಣಿಯ ಬದಿಯ ಹಲಗೆಗೆ ಬಡಿಯಿತು. ಅದರ ನಡುವೆ ಅಪ್ಪನ ಬಲಗೈ ಇತ್ತು.

ಅಪ್ಪ ಕಿರುಚಲಿಲ್ಲ. "ಅಮ್ಮಾ" ಎಂದು ಮೆಲ್ಲಗೆ ಹೇಳಿ ಮೊಣಕಾಲೂರಿದರು.

ದೋಣಿ ಬಲಕ್ಕೆ ವಾಲಿಯೇ ಇತ್ತು. ಅಂಚಿನ ಮೇಲಿಂದ ನೀರು ಒಂದು ಸಲ ಒಳಗೆ ಬಂತು. ನಾನು ಎಡಗಡೆಯಿಂದ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು, ಅಡ್ಡಮರಕ್ಕೆ ಕಾಲೊತ್ತಿ, ಬೆನ್ನು ಹಿಂದಕ್ಕೆ ಹಾಕಿ ಎಳೆದೆ. ಎಷ್ಟು ಎಳೆದೆನೋ ತಿಳಿಯದು. ಗಾಡಿ ನಾಲ್ಕು ಬೆರಳು ಈಚೆ ಬಂತು, ಅಪ್ಪ ಕೈ ಹೊರಗೆಳೆದುಕೊಂಡರು. ಮುಂದಿನ ಎರಡು ಬಾರುಗಳು ತಂತಿಯ ಹಾಗೆ ಬಿಗಿದು ನಿಂತಿದ್ದವು. ಅವು ಹಿಡಿದಿದ್ದರಿಂದಲೇ ಗಾಡಿ ಪೂರ್ತಿ ಉರುಳಲಿಲ್ಲ.

"ಮಗಾ, ಹಗ್ಗ ಹಾಕು! ಮೊದಲು ಹಗ್ಗ ಹಾಕು!" ಎಂದು ಕಾಕ ಕೂಗುತ್ತಿದ್ದರು. ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗವನ್ನು ಕ್ಯಾರಿಯರಿಗೆ ಸುತ್ತಿ, ಅಡ್ಡಮರದ ಕೆಳಗಿನಿಂದ ತಂದು ಹಲ್ಲಿನಲ್ಲಿ ಕಚ್ಚಿ ಬಿಗಿದೆ. ಮೂರು ಸುತ್ತು ಹಾಕಿದೆ. ಗಂಟು ಎರಡು ಸಲ ಬಿಚ್ಚಿಹೋಯಿತು. ಅಪ್ಪನನ್ನು ನೋಡಲು ಆಮೇಲೆಯೇ ಆದದ್ದು. ಅವರು ಬಲಗೈಯನ್ನು ಪಂಚೆಯಲ್ಲಿ ಸುತ್ತಿ ಹೊಟ್ಟೆಗೆ ಒತ್ತಿಕೊಂಡು ಕುಳಿತಿದ್ದರು. ಪಂಚೆ ಕೆಂಪಾಗುತ್ತಿತ್ತು.

ಉಳಿದ ಅರ್ಧ ಹೊಳೆ ದಾಟಲು ಎಷ್ಟು ಹೊತ್ತು ಹಿಡಿಯಿತೋ ಕಾಣೆ. ಡಾಕ್ಟರು ಕುಳಿತಲ್ಲಿಂದಲೇ "ಸಾಯ್ಬಾ ಭೊಗೊಸ್" ಎಂದು ದೇವರ ಕ್ಷಮೆ ಬೇಡುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು.

ದಡಕ್ಕೆ ತಾಗಿದ ಕೂಡಲೇ ಡಾಕ್ಟರು ಗಾಡಿಯನ್ನು ಬಿಟ್ಟು ಅಪ್ಪನ ಬಳಿಗೆ ಬಂದರು. ಅಲ್ಲೇ ಮರಳಿನ ಮೇಲೆ ಕೂರಿಸಿ, ಪಂಚೆ ಬಿಡಿಸಿ ನೋಡಿದರು. ತೋರುಬೆರಳು ಮತ್ತು ನಡುಬೆರಳು ಜಜ್ಜಿದ್ದವು, ಉಗುರುಗಳು ಎದ್ದಿದ್ದವು. ಡಾಕ್ಟರು ಔಷಧಾಲಯಕ್ಕೆ ಕರೆದುಕೊಂಡು ಹೋಗಿ ತೊಳೆದು, ಹೊಲಿಗೆ ಹಾಕಿ, ಸಣ್ಣ ಮರದ ಪಟ್ಟಿ ಇಟ್ಟು ಕಟ್ಟಿದರು. ಅಪ್ಪ ಹಲ್ಲು ಕಚ್ಚಿ ಕುಳಿತಿದ್ದರು. ಕೈ ಕಟ್ಟಿ ಮುಗಿಯುವವರೆಗೆ ತಡೆದುಕೊಂಡಿದ್ದ ಡಾಕ್ಟರ ಸಿಟ್ಟು ಆಮೇಲೆ ಹೊರಗೆ ಬಂತು.

"ಎಂತ ಇದು ಮೇಸ್ತ್ರಿ? ದೋಣಿಯಲ್ಲಿ ಐದು ಜನ ಇದ್ದೆವು! ಬಾರು ಹೊಲಿದದ್ದು ನೀವಾ, ಈ ಹುಡುಗಿಯಾ?"

ನಾನು ಗೋಡೆಗೆ ಒರಗಿ ನಿಂತಿದ್ದೆ. ಇವತ್ತಿಗೆ ಅಂಗಡಿ ಮುಗಿಯಿತು, ಅಪ್ಪನ ಹೆಸರು ಮುಗಿಯಿತು ಎಂದುಕೊಂಡೆ.

"ನಾಲ್ಕನ್ನೂ ಅವಳೇ ಹೊಲಿದದ್ದು," ಎಂದರು ಅಪ್ಪ. "ನನಗೆ ಕಣ್ಣು ಕಾಣದೆ ಮೂರು ವರ್ಷ ಆಯ್ತು. ಹೇಳ್ಬೇಕಿತ್ತು, ಹೇಳ್ಲಿಲ್ಲ, ಅದು ನನ್ನ ತಪ್ಪು. ಒಂದು ಬಾರು ಹರಿಯಿತು, ಅದು ಅವಳ ತಪ್ಪು. ಮೂರು ನಿಂತಿತಲ್ಲ ಡಾಕ್ಟ್ರೇ, ಅದೂ ಅವಳದ್ದೇ."

ಡಾಕ್ಟರು ಕೈ ತೊಳೆದುಕೊಂಡರು. ಹೊರಗೆ ರೋಗಿಗಳು ಕಾಯುತ್ತಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, ಅಪ್ಪನಿಗಲ್ಲ, ನನಗೆ ಹೇಳಿದರು: "ಮೂರು ಗಂಟೆಗೆ ಈ ಗಾಡಿ ವಾಪಸು ಹೋಗ್ಬೇಕು. ಎಂತ ಮಾಡ್ತೀಯೋ ನೋಡು."

ನನ್ನ ಸೊಂಟದ ಚೀಲದಲ್ಲಿ ದಬ್ಬಳ, ಮೇಣದ ನೂಲು, ಸಣ್ಣ ಕತ್ತಿ, ಎರಡು ಕಬ್ಬಿಣದ ಕೊಕ್ಕೆ ಇದ್ದವು. ಔಷಧಾಲಯದ ಜಗಲಿಯಲ್ಲಿ ಹರಿದ ಬಾರನ್ನು ಹಿಡಿದು ಕುಳಿತೆ. ಕಣ್ಣಲ್ಲಿ ನೀರು ತುಂಬಿ ಏನೂ ಕಾಣುತ್ತಿರಲಿಲ್ಲ. ಅಪ್ಪ ಕಂಬಕ್ಕೊರಗಿ ಕುಳಿತಿದ್ದರು.

"ಅತ್ತರೆ ಹೊಲಿಗೆ ಓರೆ ಹೋಗ್ತದೆ. ಕಣ್ಣೊರೆಸು. ಎಷ್ಟು ಉದ್ದ ಉಳಿದಿದೆ?"

"ಎರಡು ಮೊಳ."

"ಮಡಿಚಿ ಜೋಡಿ ಮಾಡು. ಒಂದು ಮೊಳ ಬರ್ತದೆ. ನಡುವೆ ಎರಡು ಸಾಲು ಹೊಲಿಗೆ. ಬಕ್ಕಲು ಬೇಡ. ಎರಡೂ ತುದಿಗೆ ಕೊಕ್ಕೆ ಇಡು, ಉಳಿದದ್ದಕ್ಕೆ ಕಾಕನ ಹಗ್ಗ. ಹಗ್ಗ ಒಣಗಿದ್ದು ಬೇಕು, ಒದ್ದೆಯದ್ದು ಬೇಡ."

ನಾನು ಹೊಲಿದೆ. ಮಧ್ಯಾಹ್ನ ಕಾಕ ತಮ್ಮ ಮನೆಯಿಂದ ಕೊಟ್ಟು ಕಳಿಸಿದ ಅಕ್ಕಿರೊಟ್ಟಿ ಪಕ್ಕದಲ್ಲೇ ತಣ್ಣಗಾಯಿತು. ಮುಗಿದಾಗ ಅಪ್ಪನ ಎಡಗೈಗೆ ಇಟ್ಟೆ. ಅವರು ಎಡಗೈಯ ಬೆರಳಿನಿಂದ ಸವರಿದರು. ಅಭ್ಯಾಸವಿಲ್ಲದ ಬೆರಳು, ತಡವರಿಸುತ್ತ ಹೋಯಿತು. "ನನಗೆ ತಿಳಿಯುವುದಿಲ್ಲ," ಎಂದರು. "ನೀನೇ ಹೇಳು. ನಿಲ್ತದಾ?"

ಅವರು ಹಾಗೆ ಕೇಳಿದ್ದು ಅದೇ ಮೊದಲು. ಹೌದು ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಬಾರಿನ ಒಂದು ಕೊಕ್ಕೆಯನ್ನು ಜಗಲಿಯ ಕಂಬಕ್ಕೆ ಸುತ್ತಿದ ಹಗ್ಗಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ನನ್ನ ಇಡೀ ಭಾರ ಹಾಕಿ ಜೋತುಬಿದ್ದೆ. ರೋಗಿಗಳೆಲ್ಲ ನೋಡುತ್ತಿದ್ದರು. ಎದ್ದು ಅಳೆದೆ. ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ.

"ನಿಲ್ತದೆ," ಎಂದೆ.

ಮೂರು ಗಂಟೆಗೆ ಗಾಳಿ ಎದ್ದಿತ್ತು, ಹೊಳೆಯ ಮೇಲೆ ಸಣ್ಣ ಸಣ್ಣ ಅಲೆಗಳು. ಕಾಕ ಆಕಾಶ ನೋಡಿ ಒಮ್ಮೆ ನಾಲಗೆ ಲೊಚಗುಟ್ಟಿದರು. ಈ ಸಲ ಡಾಕ್ಟರು ತಾವೇ ಒಂದೊಂದು ಬಾರನ್ನೂ ಎಳೆದು ನೋಡಿದರು. ಹೊರಟ ಮೇಲೆ ನಾನು ನಾಲ್ಕರ ಮೇಲೂ ಕಣ್ಣಿಟ್ಟು, ಒಂದನ್ನು ಮುಟ್ಟಿ, ಇನ್ನೊಂದಕ್ಕೆ ಸರಿದು, ಮತ್ತೆ ಮೊದಲನೆಯದಕ್ಕೆ ಬರುತ್ತಿದ್ದೆ. ನಡು ಹೊಳೆಯಲ್ಲಿ ಒಂದು ಕಡೆ ದೋಣಿ ಬೆಳಗಿನದಕ್ಕಿಂತ ಹೆಚ್ಚಾಗಿಯೇ ಅಲುಗಿತು. ಅಪ್ಪನ ಎಡಗೈ ನನ್ನ ಭುಜ ಹಿಡಿಯಿತು. ಬಾರುಗಳು ಕಿರ್ ಎಂದವು, ಅಷ್ಟೆ. ಜೆಪ್ಪುವಿನ ದಡದಲ್ಲಿ ನಾಲ್ಕನ್ನೂ ಬಿಚ್ಚಿ, ಸುತ್ತಿ, ಡಾಕ್ಟರ ಕೈಗೆ ಕೊಟ್ಟೆ.

ಎರಡು ದಿನ ಅಪ್ಪ ಈ ವಿಷಯ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು ಅನ್ನ ಕಲಸಿ ಕೊಟ್ಟರೆ ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದರು. ಮೂರನೆಯ ದಿನ ಬೆಳಿಗ್ಗೆ ಕೇಳಿದರು: "ಇನ್ನೊಂದು ತುಂಡು ಬೆನ್ನಿನ ಚರ್ಮ ಎಂತಾಯ್ತು?"

ಅಟ್ಟದಿಂದ ತಂದು ಅವರ ಮುಂದಿಟ್ಟೆ. ಎಡಗೈಯಲ್ಲಿ ಮುಟ್ಟಿ, ಮೂಸಿ ನೋಡಿದರು.

"ಇದನ್ನು ಹೇಳಿದ್ದರೆ ಎಂತ ಆಗ್ತಿತ್ತು?" ಎಂದರು. "ಡಾಕ್ಟ್ರಿಗೆ ಒಂದು ವಾರ ತಡ ಆಗ್ತಿತ್ತು. ಬೇರೆ ಎಂತ ಆಗ್ಲಿಕ್ಕಿತ್ತು, ಮಾರಾಯ್ತಿ?"

ಆ ತುಂಡನ್ನು ಎತ್ತಿಕೊಂಡು ಹೋಗಿ ಅಂಗಳದಾಚೆ ಎಸೆದು ಬಂದೆ.

ಅದೇ ದಿನ ಅವರನ್ನು ಕರೆದುಕೊಂಡು ಬಂದರಿನ ಚರ್ಮದ ಮಳಿಗೆಗೆ ಹೋದೆ. ಅಪ್ಪ ಹೊರಗೆ ಬೆಂಚಿನ ಮೇಲೆ ಕುಳಿತರು. ಒಳಗೆ ಹೋಗಿ, ಹತ್ತು ಹನ್ನೆರಡು ಚರ್ಮ ಬಿಡಿಸಿ, ಮಡಿಚಿ, ಜಗ್ಗಿ, ಒಂದನ್ನು ಆರಿಸಿಕೊಂಡು ಬಂದವಳು ನಾನು. ಮಳಿಗೆಯವನು ಮುಗುಳ್ನಗುತ್ತ ನಿಂತಿದ್ದ. ಮನೆಗೆ ಬಂದು ಹೊಸ ಬಾರು ಹೊಲಿದು, ಡಾಕ್ಟರು ಅಪ್ಪನ ಕೈಕಟ್ಟು ಬದಲಿಸಲು ಬಂದಾಗ ಕೊಟ್ಟೆ. ಅವರು ಅದನ್ನು ಸುತ್ತಿ ಚೀಲದಲ್ಲಿಟ್ಟುಕೊಂಡು, ಅಪ್ಪನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. "ಕೈ ಆಮೇಲೆ. ಮೊದಲು ಈ ಕಣ್ಣು ತೋರಿಸ್ಬೇಕು. ಹೆದರ್ತೀರಾ?" ಎಂದರು. ಅಪ್ಪ ಹೆದರುತ್ತಿದ್ದರು. ಆದರೂ ಆ ಚಳಿಗಾಲದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡರು. ದಪ್ಪ ಕನ್ನಡಕದಲ್ಲಿ ಮನುಷ್ಯರ ಮುಖ ಕಾಣುವಷ್ಟು ದೃಷ್ಟಿ ಬಂತು. ತೋರುಬೆರಳು ಮಾತ್ರ ಸರಿಯಾಗಲಿಲ್ಲ. ಗಾಯ ಮಾಯಿತು, ಉಗುರು ಸೊಟ್ಟಗೆ ಬಂತು, ಆದರೆ ತುದಿಯಲ್ಲಿ ಬಿಸಿ ತಣ್ಣಗೆ ಕೂಡ ತಿಳಿಯುತ್ತಿರಲಿಲ್ಲ.

ಹೊಸ ಬಾರು ಕಟ್ಟಿ ಡಾಕ್ಟರು ಮೊದಲ ಸಲ ದಾಟಿದ್ದು ನಾನು ಅದನ್ನು ಕೊಟ್ಟ ಮುಂದಿನ ಸೋಮವಾರವೇ. ನಮ್ಮನ್ನು ಕರೆದಿರಲಿಲ್ಲ. ಕಟ್ಟುವುದು ಅವರಿಗೆ ಗೊತ್ತಾಗಿತ್ತು. ನಾನು ಅಪ್ಪನಿಗೆ ಮೀನು ತರುತ್ತೇನೆಂದು ಹೇಳಿ ಹೊಳೆಯ ದಡಕ್ಕೆ ಹೋದೆ. ಹೋಗುವಷ್ಟರಲ್ಲಿ ದೋಣಿ ದಡ ಬಿಟ್ಟಾಗಿತ್ತು. ಕಾರ್ಖಾನೆಯವರು ಇಳಿಸಿದ ಮಣ್ಣಿನ ರಾಶಿಯ ಪಕ್ಕ ನಿಂತು ನೋಡಿದೆ. ಗಾಡಿ ಮೊದಲು ಗಾಡಿಯಾಗಿ ಕಂಡಿತು, ಆಮೇಲೆ ದೋಣಿಯ ಮೇಲೊಂದು ಕಪ್ಪು ಗೀಟಾಯಿತು. ನಡು ಹೊಳೆಯಲ್ಲಿ ಆ ಗೀಟು ಒಮ್ಮೆ ಓರೆಯಾಯಿತು. ದೋಣಿಯೇ ಓರೆಯಾಗಿತ್ತೋ ಏನೋ, ಮತ್ತೆ ನೇರವಾಯಿತು. ಆಚೆ ದಡದಲ್ಲಿ ಯಾರೋ ಇಳಿದದ್ದು, ಹಲಗೆ ಇಟ್ಟದ್ದು ಕಂಡಿತು. ಯಾರೋ ಕೈ ಎತ್ತಿದರು, ನನಗೋ ಬೇರೆ ಯಾರಿಗೋ ತಿಳಿಯಲಿಲ್ಲ. ಕೈ ಎತ್ತಿದ್ದು ಸಹಾಯಕ್ಕೆ ಕರೆಯಲಿಕ್ಕೂ ಇರಬಹುದಲ್ಲ ಎಂದು ಅಲ್ಲಾಡದೆ ನಿಂತೆ.

ಸ್ವಲ್ಪ ಹೊತ್ತಿನ ಮೇಲೆ ನೀರಿನ ಮೇಲಿಂದ ಮೋಟಾರು ಸೈಕಲು ಸ್ಟಾರ್ಟಾದ ಸದ್ದು ಸಣ್ಣಗೆ ಕೇಳಿ ಬಂತು. ಅದು ತೆಂಗಿನ ತೋಟದೊಳಗೆ ಕರಗಿ ಹೋಗುವವರೆಗೂ ಕೇಳಿಸಿಕೊಂಡು, ಮೀನಿನವಳನ್ನು ಹುಡುಕಿಕೊಂಡು ಹೊರಟೆ.